ಹತ್ತು ನಿಮಿಷಕ್ಕೆ ಆರಿಹೋಗುವ ಟೋಕನ್ ಪರದೆ: ದುರಸ್ತಿ ಟಿಪ್ಪಣಿ

ಕ್ಲಿನಿಕ್ಕಿನ ಹೊರಗೆ ಕೂತವರಿಗೆ ಟೋಕನ್ ನಂಬರ್ ತೋರಿಸುವ ಪರದೆ ಇದು. ಕೋರ್ ಐ3 ಇರುವ ಹಳೇ ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ. ಗೋಡೆಗೆ ಬಿಗಿದ 22 ಇಂಚಿನ ಎಲ್‌ಇಡಿ ಮಾನಿಟರ್, ಮಧ್ಯೆ ಉದ್ದನೆಯ ವಿಜಿಎ ಕೇಬಲ್. ಲಿನಕ್ಸ್‌ನ ಡೆಬಿಯನ್ 12, ಅದರ ಮೇಲೆ ಎಕ್ಸ್‌ಎಫ್‌ಸಿಇ 4.18 ಡೆಸ್ಕ್‌ಟಾಪ್, ಲಾಗಿನ್‌ಗೆ ಲೈಟ್‌ಡಿಎಂ, ಪರದೆ ತುಂಬ ಕ್ರೋಮಿಯಂ ಬ್ರೌಸರ್. ಕೀಬೋರ್ಡ್ ಮೌಸ್ ಎರಡೂ ಕಿತ್ತಿಟ್ಟಿವೆ. ಡಾಕ್ಟರ ಮೇಜಿನಿಂದ ನಂಬರ್ ಒತ್ತಿದರೆ ಇಲ್ಲಿ ಬದಲಾಗಬೇಕು. ಬದಲಾಗುತ್ತದೆ, ಆದರೆ ಹತ್ತು ನಿಮಿಷದ ಮೇಲೆ ನೋಡುವವರಿಗೆ ಕಾಣುವುದು ಬರೀ ಕಪ್ಪು.

ನಂಬರ್ ಬದಲಾಗುತ್ತಿದ್ದರೂ ಯಾಕೆ ಆರುತ್ತದೆ ಎಂದು ಕೇಳುವವರು ಬಹಳ. ಪರದೆಯ ಮೇಲೆ ಏನು ನಡೆಯುತ್ತಿದೆ ಎಂಬುದನ್ನು ಕಂಪ್ಯೂಟರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೀಲಿ ಒತ್ತಿದರೋ, ಮೌಸ್ ಅಲ್ಲಾಡಿತೋ, ಅಷ್ಟೇ ಅದಕ್ಕೆ ಗೊತ್ತು. ವಿಡಿಯೊ ಓಡುವಾಗ ಆರದೆ ಇರುವುದು ಬೇರೆ ವಿಷಯ. ಆಗ ಬ್ರೌಸರ್ ತಾನಾಗಿಯೇ ‘ಈಗ ಆರಿಸಬೇಡ’ ಎಂದು ಡಿ-ಬಸ್ (ಪ್ರೋಗ್ರಾಂಗಳು ತಮ್ಮೊಳಗೆ ಮಾತಾಡುವ ಹಾದಿ) ಮೂಲಕ ಡೆಸ್ಕ್‌ಟಾಪ್‌ಗೆ ತಿಳಿಸುತ್ತದೆ. ಬರೀ ಅಂಕಿ ತೋರಿಸುವ ಪುಟ ಹಾಗೆ ತಿಳಿಸುವುದಿಲ್ಲ. ಹಾಗಾಗಿಯೇ ಜಾಹೀರಾತಿನ ವಿಡಿಯೊ ಹಾಕಿದ ದಿನ ಸರಿ ಇದ್ದ ಪರದೆ ಮಾರನೇ ದಿನ ಕೈಕೊಡುತ್ತದೆ.

ಒಂದು ಸೂಚನೆ. ಕೆಳಗಿನ ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಬೇಕು. ಸ್ಪೇಸ್, ಮೈನಸ್, ಸ್ಲ್ಯಾಷ್ ಇಲ್ಲಿರುವಂತೆಯೇ ಇರಲಿ.

ಮೊದಲು ಕಪ್ಪು ಯಾವ ಬಗೆಯದು ನೋಡಿ

ಅಂತರ್ಜಾಲದಲ್ಲಿ ಸಿಕ್ಕ ಮೂರು ಸಾಲು ಅಂಟಿಸಿ ‘ಆಗಲಿಲ್ಲ’ ಎನ್ನುವುದಕ್ಕೆ ಕಾರಣ ಒಂದೇ. ಪರದೆ ಆರಿಸುವ ಅಧಿಕಾರ ಒಬ್ಬರ ಕೈಯಲ್ಲಿಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್ ಸರ್ವರ್‌ಗೆ ಎರಡು ಗಡಿಯಾರ, ಡೆಸ್ಕ್‌ಟಾಪ್‌ನ ಪವರ್ ಮ್ಯಾನೇಜರ್‌ಗೆ ಒಂದು, ಲಾಕ್ ಮಾಡುವ ಪ್ರೋಗ್ರಾಂಗೆ ಇನ್ನೊಂದು, ಇಡೀ ಯಂತ್ರವನ್ನು ಮಲಗಿಸುವುದಕ್ಕೆ ಮತ್ತೊಂದು, ಕೊನೆಗೆ ಮಾನಿಟರ್‌ನೊಳಗೇ ಒಂದು. ಒಂದರ ಬಾಯಿ ಮುಚ್ಚಿಸಿದರೆ ಇನ್ನೊಂದು ಆರಿಸುತ್ತದೆ. ಯಾರು ಆರಿಸಿದರು ಎಂಬುದು ಗೊತ್ತಾಗುವವರೆಗೆ ಏನನ್ನೂ ಬದಲಿಸದಿರುವುದೇ ಒಳ್ಳೆಯದು.

ಪರದೆ ಆರಿದಾಗ ಕೋಣೆಯ ದೀಪ ಆರಿಸಿ, ಮಾನಿಟರ್‌ಗೆ ಹತ್ತಿರ ಹೋಗಿ ನೋಡಿ. ಕಪ್ಪಿನ ಹಿಂದೆ ಬೂದುಬಣ್ಣದ ಮಂದ ಬೆಳಕಿದ್ದು, ಅಂಚುಗಳಲ್ಲಿ ಸ್ವಲ್ಪ ಹೆಚ್ಚು ಕಂಡು, ಪವರ್ ಎಲ್‌ಇಡಿ ಎಂದಿನ ನೀಲಿ ಅಥವಾ ಹಸಿರು ಬಣ್ಣದಲ್ಲೇ ಇದ್ದರೆ ಬ್ಯಾಕ್‌ಲೈಟ್ ಉರಿಯುತ್ತಿದೆ, ಕಂಪ್ಯೂಟರ್ ಕಪ್ಪು ಚಿತ್ರ ಕಳಿಸುತ್ತಿದೆ ಎಂದರ್ಥ. ಇದು ಎಕ್ಸ್‌ನ ಸ್ಕ್ರೀನ್‌ಸೇವರ್ ಗಡಿಯಾರದ ಕೆಲಸ. ಬೆಳಕೇ ಇಲ್ಲದೆ, ಎಲ್‌ಇಡಿ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಅಥವಾ ಮಿನುಗುತ್ತಿದ್ದರೆ ಸಿಗ್ನಲ್ಲೇ ನಿಂತಿದೆ. ಅದು ಡಿಪಿಎಂಎಸ್, ಅಂದರೆ ವಿದ್ಯುತ್ ಉಳಿಸಲು ಮಾನಿಟರನ್ನು ಮಲಗಿಸುವ ವ್ಯವಸ್ಥೆ. ವಿಜಿಎಯಲ್ಲಿ ಇದು ಸರಳ: ಅಡ್ಡ ಸಿಂಕ್ ನಿಂತರೆ ಸ್ಟ್ಯಾಂಡ್‌ಬೈ, ಲಂಬ ಸಿಂಕ್ ನಿಂತರೆ ಸಸ್ಪೆಂಡ್, ಎರಡೂ ನಿಂತರೆ ಆಫ್. ಮೂರರ ವ್ಯತ್ಯಾಸ ಹಳೇ ಸಿಆರ್‌ಟಿಗಳಿಗೆ ಬೇಕಿತ್ತು, ಈಗಿನ ಮಾನಿಟರ್‌ಗಳಿಗೆ ಮೂರೂ ಒಂದೇ.

ಡಿಪಿಎಂಎಸ್‌ನಂತೆಯೇ ಕಂಡರೂ ಬೇರೆಯದಾದ ಇನ್ನೊಂದಿದೆ: ಯಂತ್ರವೇ ಮಲಗುವುದು. ಕ್ಯಾಬಿನೆಟ್‌ನ ಫ್ಯಾನ್ ನಿಂತಿರುತ್ತದೆ, ಬೇರೆ ಕಂಪ್ಯೂಟರ್‌ನಿಂದ ಪಿಂಗ್ ಮಾಡಿದರೆ ಉತ್ತರ ಬರುವುದಿಲ್ಲ. ಎಬ್ಬಿಸಿದ ಮೇಲೆ ‘ಜರ್ನಲ್‌ಸಿಟಿಎಲ್ -ಬಿ’ ನೋಡಿದರೆ ‘ಪಿಎಂ: ಸಸ್ಪೆಂಡ್ ಎಂಟ್ರಿ’ ಎಂಬ ಸಾಲು ಸಿಗುತ್ತದೆ. ಆ ಸಾಲು ಕಂಡರೆ ಎಕ್ಸ್‌ಸೆಟ್ (ಎಕ್ಸ್‌ನ ಗಡಿಯಾರ ಬದಲಿಸುವ ಆಜ್ಞೆ) ಹಿಡಿದು ಗುದ್ದಾಡಿ ಉಪಯೋಗವಿಲ್ಲ, ಕೆಳಗೆ ಸಸ್ಪೆಂಡ್ ಭಾಗಕ್ಕೆ ಹೋಗಿ.

ಕಪ್ಪಾಗಿ, ಕ್ಷಣದಲ್ಲಿ ತಾನೇ ಮರಳಿ, ಮತ್ತೆ ಕಪ್ಪಾದರೆ ಕೇಬಲ್ ಸಡಿಲವಾಗಿದೆ. ವಿಜಿಎ ಕನೆಕ್ಟರ್‌ನ ಎರಡು ತಿರುಪನ್ನೂ ಬಿಗಿಯಿರಿ. ಗೋಡೆ ಮಾನಿಟರ್‌ಗಳಲ್ಲಿ ಕೇಬಲ್‌ನ ಭಾರಕ್ಕೆ ಕನೆಕ್ಟರ್ ಕೆಳಗೆ ಜಗ್ಗಿರುತ್ತದೆ, ಹಿಂಭಾಗದಲ್ಲಿ ಒಂದು ಟೈ ಹಾಕಿ ಭಾರ ಇಳಿಸಿ.

ಗಡಿಯಾರಗಳನ್ನು ಬೇರೆ ಮಾಡುವುದು

ಡೀಫಾಲ್ಟ್‌ನಲ್ಲಿ ಎಲ್ಲರೂ ಹತ್ತು ನಿಮಿಷದ ಆಸುಪಾಸಿನಲ್ಲೇ ಕೂತಿರುವುದರಿಂದ ಯಾರು ಮುಂದಾದರು ಎಂದು ತಿಳಿಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಮಯ ಕೊಟ್ಟರೆ ತಾವಾಗಿಯೇ ಸಿಕ್ಕಿಬೀಳುತ್ತಾರೆ.

ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್‌ನಲ್ಲಿ ಈ ಯಂತ್ರದ ಒಳಹೋಗಿ. ಅಲ್ಲಿಂದ ಎಕ್ಸ್‌ಸೆಟ್ ಓಡಿಸಿದರೆ ‘ಅನೇಬಲ್ ಟು ಓಪನ್ ಡಿಸ್‌ಪ್ಲೇ’ ಎಂಬ ಬೈಗುಳ ಬರುತ್ತದೆ, ಯಾಕೆಂದರೆ ಯಾವ ಪರದೆ ಎಂದು ಅದಕ್ಕೆ ಹೇಳಿಲ್ಲ. ಪರದೆಯಲ್ಲಿ ಲಾಗಿನ್ ಆಗಿರುವ ಬಳಕೆದಾರರ ಹೆಸರಿನಲ್ಲೇ ಒಳಬಂದು ‘ಎಕ್ಸ್‌ಪೋರ್ಟ್ ಡಿಸ್‌ಪ್ಲೇ=:0’ ಎಂದು ಕೊಡಿ (ಡಿಸ್‌ಪ್ಲೇ ಎಂಬುದು ಮಾತ್ರ ದೊಡ್ಡಕ್ಷರದಲ್ಲಿ). ಆಮೇಲೆ:

ಎಕ್ಸ್‌ಸೆಟ್ ಕ್ಯೂ

ಉತ್ತರದಲ್ಲಿ ಎರಡು ಕಡೆ ಕಣ್ಣಿಡಿ. ‘ಸ್ಕ್ರೀನ್ ಸೇವರ್’ ಕೆಳಗೆ ‘ಟೈಮ್‌ಔಟ್: 600’ ಎಂದಿದ್ದರೆ 600 ಸೆಕೆಂಡಿಗೆ ಕಪ್ಪು ಚಿತ್ರ. ‘ಡಿಪಿಎಂಎಸ್’ ಕೆಳಗೆ ಸ್ಟ್ಯಾಂಡ್‌ಬೈ, ಸಸ್ಪೆಂಡ್, ಆಫ್ ಎಂಬ ಮೂರು ಅಂಕಿ, ಅದರಡಿ ‘ಎನೇಬಲ್ಡ್’ ಅಥವಾ ‘ಡಿಸೇಬಲ್ಡ್’. ಇಲ್ಲಿ ಒಂದು ಸೂಕ್ಷ್ಮ ಇದೆ. ಎಕ್ಸ್ ಸರ್ವರ್ ತಾನೇ ಇಟ್ಟುಕೊಂಡಿದ್ದಾದರೆ ಸಾಮಾನ್ಯವಾಗಿ ಮೂರೂ 600. ಸ್ಟ್ಯಾಂಡ್‌ಬೈಗೆ 600, ಆಫ್‌ಗೆ 900 ಎಂದು ಬೇರೆ ಬೇರೆ ಕಂಡರೆ ಯಾರೋ ಮಧ್ಯೆ ಕೈಯಾಡಿಸಿದ್ದಾರೆ. ಎಕ್ಸ್‌ಎಫ್‌ಸಿಇಯಲ್ಲಿ ಆ ‘ಯಾರೋ’ ಎಂದರೆ ಪವರ್ ಮ್ಯಾನೇಜರ್.

ಈಗ ಪರೀಕ್ಷೆ. ಪವರ್ ಮ್ಯಾನೇಜರನ್ನು ತಾತ್ಕಾಲಿಕವಾಗಿ ನಿಲ್ಲಿಸಲು ‘ಎಕ್ಸ್‌ಎಫ್‌ಸಿಇ4-ಪವರ್-ಮ್ಯಾನೇಜರ್ --ಕ್ವಿಟ್’. ನಂತರ:

ಎಕ್ಸ್‌ಸೆಟ್ ಎಸ್ 60
ಎಕ್ಸ್‌ಸೆಟ್ ಡಿಪಿಎಂಎಸ್ 0 0 150

ಒಂದು ನಿಮಿಷಕ್ಕೆ ಬೂದು ಕಪ್ಪು, ಎರಡೂವರೆ ನಿಮಿಷಕ್ಕೆ ಕಿತ್ತಳೆ ದೀಪ ಬಂದರೆ ಎರಡು ಗಡಿಯಾರವೂ ನೀವು ಹೇಳಿದಂತೆ ಕೇಳುತ್ತಿವೆ. ಈಗ ಎರಡನ್ನೂ ನಿಲ್ಲಿಸಿ:

ಎಕ್ಸ್‌ಸೆಟ್ ಎಸ್ ಆಫ್
ಎಕ್ಸ್‌ಸೆಟ್ ಎಸ್ ನೋಬ್ಲ್ಯಾಂಕ್
ಎಕ್ಸ್‌ಸೆಟ್ -ಡಿಪಿಎಂಎಸ್

ಅರ್ಧ ಗಂಟೆ ಬಿಡಿ. ಆರದಿದ್ದರೆ ಕಳ್ಳ ಎಕ್ಸ್ ಅಥವಾ ಪವರ್ ಮ್ಯಾನೇಜರ್. ಆಗಲೂ ಆರಿದರೆ ಲಾಕರ್, ಸಸ್ಪೆಂಡ್, ಮಾನಿಟರ್ ಈ ಮೂರರಲ್ಲಿ ಒಂದು. ಕೊನೆಗೆ ಪವರ್ ಮ್ಯಾನೇಜರನ್ನು ಮತ್ತೆ ಎಬ್ಬಿಸಿ ‘ಎಕ್ಸ್‌ಸೆಟ್ ಕ್ಯೂ’ ನೋಡಿ. ನೀವು ಆಫ್ ಮಾಡಿದ ಅಂಕಿಗಳು ಎದ್ದು ಕೂತಿದ್ದರೆ, ಆಟೊಸ್ಟಾರ್ಟ್‌ನಲ್ಲಿ ಹಾಕಿದ ಎಕ್ಸ್‌ಸೆಟ್ ಸಾಲುಗಳು ಯಾಕೆ ಕೆಲವರಿಗೆ ಕೆಲಸ ಮಾಡುತ್ತವೆ, ಕೆಲವರಿಗೆ ಮಾಡುವುದಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತು. ಲಾಗಿನ್ ಆದಾಗ ಎರಡೂ ಒಟ್ಟಿಗೇ ಹೊರಡುತ್ತವೆ. ಪವರ್ ಮ್ಯಾನೇಜರ್ ಒಂದು ಸೆಕೆಂಡ್ ತಡವಾಗಿ ಬಂದರೂ ಸಾಕು, ಕೊನೆಯ ಮಾತು ಅದರದ್ದೇ. ಕೆಲವರು ಇದಕ್ಕೆ ‘ಸ್ಲೀಪ್ 30’ ಸೇರಿಸಿ ಗೆದ್ದೆವು ಎನ್ನುತ್ತಾರೆ. ಡಿಸ್ಕ್ ನಿಧಾನವಾದ ದಿನ ಆ ಮೂವತ್ತು ಸೆಕೆಂಡೂ ಸಾಲುವುದಿಲ್ಲ.

ಮಾಡಿದ ಬದಲಾವಣೆ

ಪವರ್ ಮ್ಯಾನೇಜರ್‌ನ ಒಳಗೇ ಬದಲಿಸಿದ್ದು ಮೊದಲ ಹೆಜ್ಜೆ. ಒಮ್ಮೆ ಮಾತ್ರ ಮೌಸ್ ಸಿಕ್ಕಿಸಿ, ಸೆಟ್ಟಿಂಗ್ಸ್, ಪವರ್ ಮ್ಯಾನೇಜರ್, ಡಿಸ್‌ಪ್ಲೇ ಟ್ಯಾಬ್. ‘ಬ್ಲ್ಯಾಂಕ್ ಆಫ್ಟರ್’ ಪಟ್ಟಿಯನ್ನು ‘ನೆವರ್’ ತನಕ ಎಳೆದು, ‘ಡಿಸ್‌ಪ್ಲೇ ಪವರ್ ಮ್ಯಾನೇಜ್‌ಮೆಂಟ್’ ಗುಂಡಿ ಆಫ್. ಸಿಸ್ಟಮ್ ಟ್ಯಾಬ್‌ನಲ್ಲಿ ಸುಮ್ಮನಿದ್ದರೆ ಎಷ್ಟು ಹೊತ್ತಿಗೆ ಮಲಗಬೇಕು ಎಂಬುದಕ್ಕೂ ‘ನೆವರ್’. ಲ್ಯಾಪ್‌ಟಾಪ್ ಆದರೆ ಬ್ಯಾಟರಿ, ಪ್ಲಗ್ ಎರಡಕ್ಕೂ ಬೇರೆ ಬೇರೆ ಕಾಲಂ ಇರುತ್ತದೆ. ಪ್ಲಗ್ಗಿನದು ಮಾತ್ರ ಬದಲಿಸಿ ಬಿಟ್ಟರೆ ಕರೆಂಟ್ ಹೋದ ಹತ್ತು ನಿಮಿಷಕ್ಕೆ ಮತ್ತೆ ದೂರು.

ಪವರ್ ಮ್ಯಾನೇಜರ್‌ಗೆ ‘ಪ್ರೆಸೆಂಟೇಶನ್ ಮೋಡ್’ ಎಂಬ ಆಯ್ಕೆಯೂ ಉಂಟು. ಸಭೆಯಲ್ಲಿ ಸ್ಲೈಡ್ ತೋರಿಸುವಷ್ಟು ಹೊತ್ತಿಗೆ ಮಾಡಿದ್ದು ಅದು. ವರ್ಷವಿಡೀ ಉರಿಯುವ ಪರದೆಗೆ ಅದನ್ನು ನಂಬಬೇಡಿ. ಪ್ಯಾನಲ್‌ನಲ್ಲಿ ಯಾರಾದರೂ ಒಂದು ಕ್ಲಿಕ್ ಮಾಡಿದರೆ ಹೋಯಿತು.

ಎರಡನೇ ಹೆಜ್ಜೆ ಎಕ್ಸ್ ಸರ್ವರ್ ಶುರುವಾಗುವಾಗಲೇ ಗಡಿಯಾರ ಇಲ್ಲದಂತೆ ಮಾಡುವುದು. /ಇಟಿಸಿ/ಲೈಟ್‌ಡಿಎಂ/ಲೈಟ್‌ಡಿಎಂ.ಕಾನ್ಫ್ ಕಡತದಲ್ಲಿ ‘ಸೀಟ್:*’ ವಿಭಾಗದ (ಸೀಟ್‌ನ ಮೊದಲ ಅಕ್ಷರ ದೊಡ್ಡದು) ಕೆಳಗೆ:

ಎಕ್ಸ್‌ಸರ್ವರ್-ಕಮಾಂಡ್=ಎಕ್ಸ್ -ಎಸ್ 0 -ಡಿಪಿಎಂಎಸ್
ಆಟೊಲಾಗಿನ್-ಯೂಸರ್=ಟೋಕನ್
ಆಟೊಲಾಗಿನ್-ಯೂಸರ್-ಟೈಮ್‌ಔಟ್=0

ಮೊದಲ ಸಾಲಿನ ಸಮ ಚಿಹ್ನೆಯ ಮುಂದಿನ ಎಕ್ಸ್ ದೊಡ್ಡಕ್ಷರ. ‘ಟೋಕನ್’ ಎಂಬುದು ಈ ಪರದೆಗೆಂದೇ ಮಾಡಿದ ಬಳಕೆದಾರ ಹೆಸರು. ಇದರ ಲಾಭ ಲಾಗಿನ್ ಪುಟಕ್ಕೂ ಸಿಗುತ್ತದೆ. ಆಟೊಸ್ಟಾರ್ಟ್ ಸಾಲುಗಳು ಲಾಗಿನ್ ಆದ ಮೇಲಷ್ಟೇ ಓಡುತ್ತವೆ, ಲಾಗಿನ್ ಪುಟದಲ್ಲಿ ನಿಂತ ಯಂತ್ರಕ್ಕೆ ಅವುಗಳ ಸುಳಿವೇ ಇರುವುದಿಲ್ಲ.

ಲೈಟ್‌ಡಿಎಂ ಬದಲು ಬೇರೆ ಲಾಗಿನ್ ಮ್ಯಾನೇಜರ್ ಇದ್ದವರು ಇದೇ ಕೆಲಸವನ್ನು ಎಕ್ಸ್‌ನ ಸಂರಚನಾ ಕಡತದಲ್ಲಿ ಮಾಡಬಹುದು. /ಇಟಿಸಿ/ಎಕ್ಸ್11/ಎಕ್ಸ್‌ಆರ್ಗ್.ಕಾನ್ಫ್.ಡಿ ಫೋಲ್ಡರ್‌ನಲ್ಲಿ ಒಂದು ಕಡತ ಮಾಡಿ (ಎಕ್ಸ್11ರ ಎಕ್ಸ್ ದೊಡ್ಡಕ್ಷರ), ‘ಸರ್ವರ್‌ಫ್ಲ್ಯಾಗ್ಸ್’ ವಿಭಾಗದಲ್ಲಿ ಬ್ಲ್ಯಾಂಕ್‌ಟೈಮ್, ಸ್ಟ್ಯಾಂಡ್‌ಬೈಟೈಮ್, ಸಸ್ಪೆಂಡ್‌ಟೈಮ್, ಆಫ್‌ಟೈಮ್ ನಾಲ್ಕಕ್ಕೂ 0. ಇಲ್ಲಿ ಲೆಕ್ಕ ನಿಮಿಷದಲ್ಲಿ, ಎಕ್ಸ್‌ಸೆಟ್‌ನಲ್ಲಿ ಸೆಕೆಂಡಿನಲ್ಲಿ. ಸೊನ್ನೆಗೆ ತೊಂದರೆ ಇಲ್ಲ, ಆದರೆ ಅಂಕಿ ಕೊಡುವವರು 600 ಎಂದು ಬರೆದರೆ ಹತ್ತು ಗಂಟೆ.

ಲಾಕರ್ ಮಾಡುವ ಕಿತಾಪತಿ

ಹೆಚ್ಚು ಹೊತ್ತು ತಿನ್ನುವುದು ಇದೇ. ‘ಪಿಎಸ್ -ಇ’ ಪಟ್ಟಿಯಲ್ಲಿ ಲೈಟ್-ಲಾಕರ್ ಅಥವಾ ಎಕ್ಸ್‌ಎಫ್‌ಸಿಇ4-ಸ್ಕ್ರೀನ್‌ಸೇವರ್ ಇದೆಯೇ ಹುಡುಕಿ. ಲೈಟ್-ಲಾಕರ್ ಲಾಕ್ ಮಾಡುವ ರೀತಿ ವಿಚಿತ್ರ. ಅದು ನಿಮ್ಮ ಪರದೆಯ ಮೇಲೆ ಮುಸುಕು ಹಾಕುವುದಿಲ್ಲ, ಲೈಟ್‌ಡಿಎಂನಿಂದ ಇನ್ನೊಂದು ಎಕ್ಸ್ ಸರ್ವರನ್ನೇ ಎಬ್ಬಿಸಿ, ಬೇರೆ ವರ್ಚುವಲ್ ಟರ್ಮಿನಲ್‌ನಲ್ಲಿ ಲಾಗಿನ್ ಪುಟ ತೋರಿಸಿ ಅಲ್ಲಿಗೆ ಜಿಗಿಯುತ್ತದೆ. ನಿಮ್ಮ ಟೋಕನ್ ಪುಟ :0 ಎಂಬ ಸರ್ವರ್‌ನಲ್ಲಿ ಅಂಕಿ ಬದಲಿಸುತ್ತಾ ಇದೆ, ಮಾನಿಟರ್ ತೋರಿಸುತ್ತಿರುವುದು :1. ಎಸ್‌ಎಸ್‌ಎಚ್‌ನಿಂದ :0 ಮೇಲೆ ‘ಎಕ್ಸ್‌ಸೆಟ್ ಕ್ಯೂ’ ಕೊಟ್ಟರೆ ಎಲ್ಲ ಸರಿ ಇದೆ, ಎಲ್ಲ ಆಫ್ ಇದೆ ಎನ್ನುತ್ತದೆ. ಎದುರಿಗೆ ಪರದೆ ಕಪ್ಪು. ಡ್ರೈವರ್ ಕೆಟ್ಟಿದೆ, ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಎಂದು ದಾರಿ ತಪ್ಪುವುದು ಇಲ್ಲೇ.

ಸಂಶಯ ಬಂದರೆ ‘ಎಫ್‌ಜಿಕನ್ಸೋಲ್’ ಆಜ್ಞೆಯನ್ನು ಸುಡೊ (ಅಡ್ಮಿನ್ ಅಧಿಕಾರ) ಜೊತೆ ಕೊಡಿ, ಎದುರಿಗೆ ಕಾಣುತ್ತಿರುವ ಟರ್ಮಿನಲ್‌ನ ಸಂಖ್ಯೆ ಹೇಳುತ್ತದೆ. ಪರದೆ ಸರಿ ಇದ್ದಾಗ 7 ಎಂದು ಹೇಳಿದ್ದು ಆರಿದಾಗ 8 ಎಂದರೆ ಲಾಕರ್ ಜಿಗಿದಿದೆ.

ಈ ಯಂತ್ರದಲ್ಲಿ ಲಾಕ್ ಬೇಕಿಲ್ಲ, ಹಾಗಾಗಿ ‘ಸುಡೊ ಏಪಿಟಿ ಪರ್ಜ್ ಲೈಟ್-ಲಾಕರ್’. ಎಕ್ಸ್‌ಎಫ್‌ಸಿಇ4-ಸ್ಕ್ರೀನ್‌ಸೇವರ್ ಇದ್ದರೆ ಅದರ ಪ್ರಿಫರೆನ್ಸಸ್‌ನಲ್ಲಿ ಸ್ಕ್ರೀನ್‌ಸೇವರ್, ಲಾಕ್ ಸ್ಕ್ರೀನ್ ಎರಡು ಟ್ಯಾಬಿನ ಗುಂಡಿಯೂ ಆಫ್, ಅಥವಾ ಅದನ್ನೂ ತೆಗೆದುಹಾಕಿ. ಆದರೆ ಇದು ಸಾರ್ವಜನಿಕ ಜಾಗದಲ್ಲಿ ಬೀಗವಿಲ್ಲದೆ ನಿಂತ ಯಂತ್ರ ಎಂಬುದು ನೆನಪಿರಲಿ. ‘ಟೋಕನ್’ ಬಳಕೆದಾರರಿಗೆ ಸುಡೊ ಅಧಿಕಾರ ಕೊಡಬಾರದು, ರೋಗಿಗಳ ಕಡತ ಈ ಡಿಸ್ಕ್‌ನಲ್ಲಿ ಇರಕೂಡದು. ರಿಸೆಪ್ಶನ್‌ನಲ್ಲಿ ಕೂತು ಬಿಲ್ ಮಾಡುವ ಕಂಪ್ಯೂಟರ್‌ಗೆ ಈ ಬದಲಾವಣೆ ಯಾವ ಕಾರಣಕ್ಕೂ ಬೇಡ.

ಸಸ್ಪೆಂಡ್

ಪವರ್ ಮ್ಯಾನೇಜರ್‌ನಲ್ಲಿ ‘ನೆವರ್’ ಕೊಟ್ಟ ಮೇಲೂ ಯಾವುದೋ ಪ್ರೋಗ್ರಾಂ ಮಲಗಿಸಬಹುದು. ಬಾಗಿಲನ್ನೇ ಮುಚ್ಚಿಬಿಡುವುದು ಲೇಸು:

ಸುಡೊ ಸಿಸ್ಟಮ್‌ಸಿಟಿಎಲ್ ಮಾಸ್ಕ್ ಸ್ಲೀಪ್.ಟಾರ್ಗೆಟ್ ಸಸ್ಪೆಂಡ್.ಟಾರ್ಗೆಟ್ ಹೈಬರ್ನೇಟ್.ಟಾರ್ಗೆಟ್ ಹೈಬ್ರಿಡ್-ಸ್ಲೀಪ್.ಟಾರ್ಗೆಟ್

ವಾಪಸ್ ಬೇಕಾದರೆ ಮಾಸ್ಕ್ ಜಾಗದಲ್ಲಿ ಅನ್‌ಮಾಸ್ಕ್. ಹಳೇ ಲ್ಯಾಪ್‌ಟಾಪನ್ನು ಮುಚ್ಚಿಟ್ಟು ಮಾನಿಟರ್ ಮಾತ್ರ ಬಳಸುವುದಾದರೆ /ಇಟಿಸಿ/ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್ ಕಡತದಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಎಂಬುದಕ್ಕೆ (ಹ್ಯಾಂಡಲ್, ಲಿಡ್, ಸ್ವಿಚ್ ಮೂರರ ಮೊದಲ ಅಕ್ಷರ ದೊಡ್ಡದು) ‘ಇಗ್ನೋರ್’ ಕೊಡಿ. ಸಾಲಿನ ಮುಂದಿನ ಹ್ಯಾಷ್ ಗುರುತು ತೆಗೆಯದಿದ್ದರೆ ಬರೆದದ್ದು ಲೆಕ್ಕಕ್ಕಿಲ್ಲ.

ಮಾನಿಟರ್‌ನೊಳಗಿನ ಗಡಿಯಾರ

ಮಾನಿಟರ್‌ನ ಗುಂಡಿಯ ಮೆನುವಿನಲ್ಲಿ ‘ಆಫ್ ಟೈಮರ್’, ‘ಆಟೊ ಪವರ್ ಆಫ್’, ‘ಎನರ್ಜಿ ಸೇವಿಂಗ್’ ಇಂಥ ಹೆಸರು ಹುಡುಕಿ ಆಫ್ ಮಾಡಿ. ಟಿವಿಯನ್ನೇ ಮಾನಿಟರ್ ಮಾಡಿಕೊಂಡಿದ್ದರೆ ಇದು ಇನ್ನೂ ಮುಖ್ಯ. ರಿಮೋಟ್ ಮುಟ್ಟದೆ ಕೆಲವು ಗಂಟೆ ಕಳೆದರೆ ಆರಿಹೋಗುವ ಟಿವಿಗಳಿವೆ, ಸಿಗ್ನಲ್ ಬರುತ್ತಿದ್ದರೂ ಅವು ಕೇಳುವುದಿಲ್ಲ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ, ದಿನಾ ಅದೇ ಸಮಯಕ್ಕೆ ಆರಿದರೆ ಕಂಪ್ಯೂಟರ್ ಕಡೆ ನೋಡುವುದೇ ಬೇಡ.

ರಾತ್ರಿ ಆರಿಸುವುದು

ಆರದಂತೆ ಮಾಡಿದ ಮೇಲೆ ಬೇಕಾದಾಗ ಆರಿಸುವುದೂ ಬೇಕು. 20 ವಾಟ್ ಮಾನಿಟರ್ ದಿನವಿಡೀ ಉರಿದರೆ ತಿಂಗಳಿಗೆ 14.4 ಯೂನಿಟ್, ರಾತ್ರಿ 11 ಗಂಟೆ ಕಾಲ ಆರಿಸಿಟ್ಟರೆ 7.8. ಒಂದೇ ಚಿತ್ರ ಹಗಲೂ ರಾತ್ರಿ ನಿಂತರೆ ಎಲ್‌ಸಿಡಿಯಲ್ಲೂ ನೆರಳು ಉಳಿಯುತ್ತದೆ, ಬಹುಪಾಲು ಸ್ವಲ್ಪ ಹೊತ್ತಿಗೆ ಹೋಗುವಂಥದ್ದು. ಓಎಲ್‌ಇಡಿಯಲ್ಲಾದರೆ ಗುರುತು ಖಾಯಂ.

‘ಟೋಕನ್’ ಬಳಕೆದಾರರ ಕ್ರಾನ್‌ಟ್ಯಾಬ್‌ನಲ್ಲಿ (ಹೇಳಿದ ಹೊತ್ತಿಗೆ ಆಜ್ಞೆ ಓಡಿಸುವ ಪಟ್ಟಿ), ಮೇಲ್ಗಡೆ ಡಿಸ್‌ಪ್ಲೇ=:0 ಸಾಲು ಹಾಕಿ (ಕ್ರಾನ್‌ಗೂ ಯಾವ ಪರದೆ ಎಂದು ಗೊತ್ತಿರುವುದಿಲ್ಲ), ಎರಡು ಸಾಲು:

0 21 * * * ಎಕ್ಸ್‌ಸೆಟ್ ಡಿಪಿಎಂಎಸ್ ಫೋರ್ಸ್ ಆಫ್
0 8 * * * ಎಕ್ಸ್‌ಸೆಟ್ ಡಿಪಿಎಂಎಸ್ ಫೋರ್ಸ್ ಆನ್; ಎಕ್ಸ್‌ಸೆಟ್ -ಡಿಪಿಎಂಎಸ್

ಎರಡನೇ ಸಾಲಿನ ಬಾಲ ಬಿಟ್ಟರೆ ಮೊದಲಿನ ಪಾಡೇ. ‘ಫೋರ್ಸ್’ ಎನ್ನುವಾಗ ಎಕ್ಸ್‌ಸೆಟ್ ಡಿಪಿಎಂಎಸ್ಸನ್ನು ಮತ್ತೆ ಚಾಲೂ ಮಾಡುತ್ತದೆ, ಬೆಳಿಗ್ಗೆ ಅದನ್ನು ಕೈಯಾರೆ ನಿಲ್ಲಿಸಲೇಬೇಕು. ಇದೇ ಕಾರಣಕ್ಕೆ ಡಿಪಿಎಂಎಸ್ ವಿಸ್ತರಣೆಯನ್ನೇ ಕಿತ್ತುಹಾಕುವ ಸಲಹೆ ಒಪ್ಪತಕ್ಕದ್ದಲ್ಲ. ಕಿತ್ತರೆ ರಾತ್ರಿ ಆರಿಸುವ ದಾರಿಯೂ ಮುಚ್ಚುತ್ತದೆ. ಮೌಸ್ ಸಿಕ್ಕಿಸಿಟ್ಟಿದ್ದರೆ ಮೇಜು ಅಲ್ಲಾಡಿದ್ದಕ್ಕೇ ರಾತ್ರಿ ಪರದೆ ಹತ್ತಿಕೊಳ್ಳುತ್ತದೆ, ಕಿತ್ತಿಡಿ.

ಮೌಸ್ ಅಲ್ಲಾಡಿಸುವ ಪ್ರೋಗ್ರಾಂ ಹಾಕಿ ಎಲ್ಲ ಗಡಿಯಾರಗಳನ್ನೂ ಒಟ್ಟಿಗೆ ಮೋಸ ಮಾಡುವ ಉಪಾಯ ಹೇಳುವವರಿದ್ದಾರೆ. ನಡೆಯುತ್ತದೆ. ನಿಮಿಷಕ್ಕೊಮ್ಮೆ ಟೋಕನ್ ನಂಬರ್ ಮೇಲೆ ಬಾಣದ ಗುರುತು ಕುಣಿಯುವುದನ್ನು ಸಹಿಸುವವರಿಗೆ ಅಡ್ಡಿಯಿಲ್ಲ. ಕಚೇರಿಯ ಕಂಪ್ಯೂಟರ್‌ನಲ್ಲಿ ಇದನ್ನು ಮಾಡಿದರೆ ಲಾಕ್ ನಿಯಮ ಮುರಿದಂತೆ, ಅದು ಬೇರೆ ತಲೆನೋವು.

ಕರೆಂಟ್ ಹೋಗಿ ಬಂದಾಗ

ಬಯಾಸ್‌ನಲ್ಲಿ ‘ರಿಸ್ಟೋರ್ ಆನ್ ಏಸಿ ಪವರ್ ಲಾಸ್’ ಅಥವಾ ಅದೇ ಅರ್ಥದ ಆಯ್ಕೆಗೆ ‘ಪವರ್ ಆನ್’ ಕೊಟ್ಟಿದೆ. ಕೀಬೋರ್ಡ್ ಇಲ್ಲವೆಂದು ಬೂಟ್ ಆಗುವಾಗಲೇ ನಿಲ್ಲುವ ಬೋರ್ಡ್‌ಗಳಲ್ಲಿ ಆ ಎಚ್ಚರಿಕೆಯನ್ನೂ ಆಫ್ ಮಾಡಬೇಕು. ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಹಾಕಿ, ಯಾರೂ ಮುಟ್ಟದೆ ಟೋಕನ್ ಪುಟ ಬರುವವರೆಗೆ ನಿಂತು ನೋಡಿ, ಆಮೇಲೆ ಎಸ್‌ಎಸ್‌ಎಚ್‌ನಿಂದ ‘ಎಕ್ಸ್‌ಸೆಟ್ ಕ್ಯೂ’. ಟೈಮ್‌ಔಟ್ 0, ಡಿಪಿಎಂಎಸ್ ಡಿಸೇಬಲ್ಡ್ ಎಂದಿರಬೇಕು. ರೀಬೂಟ್ ಮಾಡದೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ, ಯಾಕೆಂದರೆ ಕೈಯಲ್ಲಿ ಹೊಡೆದ ಎಕ್ಸ್‌ಸೆಟ್ ಆ ಸೆಶನ್ನಿಗಷ್ಟೇ.

ಗ್ರಬ್‌ನಲ್ಲಿ (ಲಿನಕ್ಸನ್ನು ಬೂಟ್ ಮಾಡಿಸುವ ಪ್ರೋಗ್ರಾಂ) ‘ಕನ್ಸೋಲ್‌ಬ್ಲ್ಯಾಂಕ್=0’ ಸೇರಿಸಿ ಎಂಬ ಹಳೇ ಸಲಹೆ ಈಗಲೂ ಓಡಾಡುತ್ತಿದೆ. ಅದು ಗ್ರಾಫಿಕ್ಸ್ ಇಲ್ಲದ ಅಕ್ಷರ ಪರದೆಗೆ ಮಾತ್ರ, ಎಕ್ಸ್‌ಗೆ ಸಂಬಂಧವಿಲ್ಲ. ಲಿನಕ್ಸ್ 4.12ರಿಂದ ಅದರ ಡೀಫಾಲ್ಟೇ 0. ಡೆಬಿಯನ್ 12ರದ್ದು 6.1 ಕರ್ನಲ್, ಹಾಗಾಗಿ ಮುಟ್ಟಿಲ್ಲ.

ಬೇರೆ ಯಂತ್ರದವರಿಗೆ

ಎಕ್ಸ್ ಬದಲು ಬಂದಿರುವ ವೇಲ್ಯಾಂಡ್ ಮೇಲೆ ಓಡುವ ಡೆಸ್ಕ್‌ಟಾಪ್‌ಗಳಲ್ಲಿ ಎಕ್ಸ್‌ಸೆಟ್‌ನಿಂದ ಏನೂ ಆಗುವುದಿಲ್ಲ. ‘ಎಕೋ $ಎಕ್ಸ್‌ಡಿಜಿ_ಸೆಶನ್_ಟೈಪ್’ (ಡಾಲರ್ ಗುರುತಿನ ಮುಂದಿನದೆಲ್ಲ ದೊಡ್ಡಕ್ಷರ) ಎಂದು ಕೇಳಿ, ಮೊದಲೇ ಖಚಿತ ಮಾಡಿಕೊಳ್ಳಿ. ರಾಸ್ಪ್‌ಬೆರಿ ಪೈ ಆದರೆ ‘ಸುಡೊ ರಾಸ್ಪಿ-ಕಾನ್ಫಿಗ್’, ಡಿಸ್‌ಪ್ಲೇ ಆಪ್ಶನ್ಸ್, ಸ್ಕ್ರೀನ್ ಬ್ಲ್ಯಾಂಕಿಂಗ್, ‘ನೋ’. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ‘ಜಿಸೆಟ್ಟಿಂಗ್ಸ್ ಸೆಟ್ ಆರ್ಗ್.ಗ್ನೋಮ್.ಡೆಸ್ಕ್‌ಟಾಪ್.ಸೆಶನ್ ಐಡಲ್-ಡಿಲೇ 0’. ಲಾಗಿನ್ ಪುಟ ಬೇರೆ ಬಳಕೆದಾರ ಹೆಸರಿನಲ್ಲಿ ಓಡುವುದರಿಂದ ಅಲ್ಲಿಗೆ ಇದು ತಲುಪುವುದಿಲ್ಲ.

ವಿಂಡೋಸ್‌ನಲ್ಲಿ ‘ಪವರ್‌ಸಿಎಫ್‌ಜಿ /ಚೇಂಜ್ ಮಾನಿಟರ್-ಟೈಮ್‌ಔಟ್-ಏಸಿ 0’, ಜೊತೆಗೆ ‘ಸ್ಟ್ಯಾಂಡ್‌ಬೈ-ಟೈಮ್‌ಔಟ್-ಏಸಿ 0’. ಇಷ್ಟಾದ ಮೇಲೂ ಲಾಕ್ ಆದ ಪರದೆ ಒಂದು ನಿಮಿಷಕ್ಕೆ ಆರಿದರೆ, ಅದು ಸೆಟ್ಟಿಂಗ್ಸ್‌ನಲ್ಲಿ ಕಾಣದ ಬೇರೆ ಗಡಿಯಾರ:

ಪವರ್‌ಸಿಎಫ್‌ಜಿ /ಸೆಟ್‌ಏಸಿವ್ಯಾಲ್ಯೂಇಂಡೆಕ್ಸ್ ಸ್ಕೀಮ್_ಕರೆಂಟ್ ಸಬ್_ವಿಡಿಯೊ ವಿಡಿಯೊಕಾನ್‌ಲಾಕ್ 0
ಪವರ್‌ಸಿಎಫ್‌ಜಿ /ಸೆಟ್‌ಆ್ಯಕ್ಟಿವ್ ಸ್ಕೀಮ್_ಕರೆಂಟ್

ಎರಡನೇ ಸಾಲು ಹೊಡೆಯುವವರೆಗೆ ಮೊದಲನೆಯದು ಜಾರಿಗೆ ಬರುವುದಿಲ್ಲ. ಯಾವ ಪ್ರೋಗ್ರಾಂ ಪರದೆಯನ್ನು ಎಚ್ಚರವಾಗಿ ಹಿಡಿದಿದೆ ಎಂದು ನೋಡಲು ಅಡ್ಮಿನ್ ಕಿಟಕಿಯಲ್ಲಿ ‘ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್’.

ಟೋಕನ್ ಪುಟವನ್ನು ನೀವೇ ಬರೆಯುವುದಾದರೆ ಬ್ರೌಸರ್‌ನ ಸ್ಕ್ರೀನ್ ವೇಕ್ ಲಾಕ್ ಸೌಲಭ್ಯ ಕೇಳಿಕೊಳ್ಳಬಹುದು. ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಅದು ಸಿಗುತ್ತದೆ. ಪುಟ ಮರೆಯಾದ ಕ್ಷಣವೇ ಲಾಕ್ ಬಿಟ್ಟುಹೋಗುತ್ತದೆ, ಪುಟ ಮತ್ತೆ ಕಾಣಿಸಿಕೊಂಡಾಗ ಹೊಸದಾಗಿ ಕೇಳುವ ಕೋಡನ್ನು ನೀವೇ ಸೇರಿಸಬೇಕು. ಕ್ಲಿನಿಕ್ಕಿನ ಒಳಜಾಲದಲ್ಲಿ ಬರೀ ಎಚ್‌ಟಿಟಿಪಿ ವಿಳಾಸದಿಂದ ಪುಟ ಬರುತ್ತಿರುವುದರಿಂದ ಇಲ್ಲಿ ಆ ದಾರಿ ಹಿಡಿದಿಲ್ಲ.